ಗೋಡೆ 5.2 ಅಲ್ಲ, 4 ಇತ್ತು

1/9

ಈ ಫೋಟೋ ನಿಮಗೆ ನೆನಪಿರಬಹುದು. ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಸಂಜೆ ಹಾಕಿದ್ದೆ. ಎಂಜಿನ್ ಬ್ಲಾಕ್ ಪಕ್ಕ ಕುಕ್ಕರಗಾಲಲ್ಲಿ ಕೂತಿದೀನಿ, ಕೈಯಲ್ಲಿ ಅಲ್ಟ್ರಾಸೋನಿಕ್ ಗೇಜ್, ಅದರ ಪರದೆ ಮೇಲೆ 5.2, ಮುಖದ ತುಂಬ ನಗು. ಕ್ಲಾಸಿನವರೆಲ್ಲ ಹಾರ್ಟ್ ಒತ್ತಿದ್ರಿ. ಭಾನುವಾರ ರಾತ್ರಿ ಅದನ್ನ ಡಿಲೀಟ್ ಮಾಡಿದೆ. ಯಾಕೆ ಅಂತ ಒಂದಿಬ್ಬರು ಕೇಳಿದ್ರಿ. "ಲೈಟಿಂಗ್ ಚೆನ್ನಾಗಿರಲಿಲ್ಲ" ಅಂತ ಹೇಳಿ ತಪ್ಪಿಸಿಕೊಂಡೆ.

ಲೈಟಿಂಗ್ ಚೆನ್ನಾಗೇ ಇತ್ತು. ಆ 5.2 ತಪ್ಪಿತ್ತು.

ಇವತ್ತು ಅದೇ ಫೋಟೋ ಮತ್ತೆ ಹಾಕ್ತಿದೀನಿ, ಪೂರ್ತಿ ಕಥೆ ಸಮೇತ. ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಒಂಬತ್ತು ಭಾಗ ಆಗುತ್ತೆ. ಇಂಟರ್ನ್‌ಶಿಪ್ ರಿಪೋರ್ಟಲ್ಲಿ ಇದಕ್ಕೆ ಅರ್ಧ ಪುಟ ಕೊಟ್ಟಿದೀನಿ, ಅಷ್ಟೆ. ಆದ್ರೆ ನಿಮ್ಮಲ್ಲಿ ಎಷ್ಟೋ ಜನ ಮುಂದಿನ ಸೆಮಿಸ್ಟರ್‌ನಲ್ಲಿ ಲ್ಯಾಬಲ್ಲಿ ಇದೇ ಗೇಜ್ ಹಿಡೀತೀರ. ನಾನು ಬಿದ್ದ ಗುಂಡಿ ಎಲ್ಲಿದೆ ಅಂತ ತೋರಿಸಿಬಿಟ್ರೆ ನೀವು ಸುತ್ತು ಹಾಕ್ಕೊಂಡು ಹೋಗಬಹುದು.

ಗೊತ್ತಿಲ್ಲದವರಿಗೆ: ನನ್ನ ಇಂಟರ್ನ್‌ಶಿಪ್ ಇದ್ದದ್ದು ಬೆಂಗಳೂರಿನ ಜೆ.ಸಿ. ರಸ್ತೆ ಹಿಂದಿನ ಗಲ್ಲಿಯ ಒಂದು ಬೋರಿಂಗ್ ಅಂಗಡಿಯಲ್ಲಿ. ಒಂದು ಬೋರಿಂಗ್ ಮೆಷಿನ್, ಒಂದು ಹೋನಿಂಗ್ ಮೆಷಿನ್, ಎರಡು ಲೇತ್, ಗೋಡೆ ಪಕ್ಕ ಎದೆಮಟ್ಟ ಸ್ಕ್ರಾಪ್ ಬ್ಲಾಕ್‌ಗಳ ರಾಶಿ. ಮೇಸ್ತ್ರಿಗೆ ಅರವತ್ತು ದಾಟಿದೆ. ಅಲ್ಲಿಗೆ ಕೆಲಸ ಕಲಿಯೋಕೆ ಬಂದ ಮೊದಲ ಹುಡುಗಿ ನಾನು. ಮೊದಲ ವಾರ ನನಗೆ ಸಿಕ್ಕಿದ್ದು ಡೀಸೆಲ್ ಬ್ರಷ್ ಮತ್ತು ಬಟ್ಟೆಚೂರು. ಮೂರನೇ ವಾರ ಮೇಸ್ತ್ರಿ ಒಂದು ಬ್ಲಾಕ್ ತೋರಿಸಿ, "ಏನಮ್ಮಾ, ನಿಮ್ ಕಾಲೇಜಲ್ಲಿ ಗೋಡೆ ದಪ್ಪ ನೋಡೋ ಮೆಷಿನ್ ಇದೆ ಅಂದ್ಯಲ್ಲ, ತರ್ತೀಯಾ?" ಅಂದ್ರು.

ಆ ಪ್ರಶ್ನೆಗೆ ಎಷ್ಟು ಖುಷಿಯಾಯ್ತು ಅಂದ್ರೆ, ಮುಂದಿನ ತಪ್ಪೆಲ್ಲ ಆ ಖುಷಿಯಿಂದಲೇ ಶುರುವಾಯ್ತು ಅನ್ಸುತ್ತೆ.

2/9

ಮೊದಲು ಬ್ಲಾಕ್ ಬಗ್ಗೆ.

ಅದು ಕಾಂಟೆಸ್ಸಾದ್ದು. ನಮ್ಮ ಅಪ್ಪಂದಿರ ಕಾಲದ ಉದ್ದ ಮೂತಿಯ ಕಾರು, ಹಿಂದೂಸ್ತಾನ್ ಮೋಟಾರ್ಸ್‌ನದು. ಆಮೇಲಾಮೇಲೆ ಬಂದ ಕಾಂಟೆಸ್ಸಾದಲ್ಲಿ ಇಸುಜು 1.8 ಪೆಟ್ರೋಲ್ ಎಂಜಿನ್ ಇರ್ತಿತ್ತು: ಬೋರ್ 84 ಮಿ.ಮೀ., ಸ್ಟ್ರೋಕ್ 82 ಮಿ.ಮೀ., 1817 ಸಿಸಿ. ಬ್ಲಾಕ್ ಎರಕದ ಕಬ್ಬಿಣ. 2002 ರಲ್ಲಿ ಗಾಡಿ ತಯಾರಿಕೆ ನಿಂತುಹೋಯ್ತು. ಅಂದ್ರೆ ಈ ಬ್ಲಾಕ್ ಹಾಳಾದ್ರೆ ಶೋರೂಮಿಗೆ ಹೋಗಿ ಇನ್ನೊಂದು ಕೊಡಿ ಅನ್ನೋ ಹಾಗಿಲ್ಲ.

ತಂದಿದ್ದು ತುಮಕೂರಿನ ಒಬ್ಬ ಅಣ್ಣ. ಕಾರು ಅವರ ತಂದೆಯದು. ತಂದೆ ಈಗಿಲ್ಲ. ಅಣ್ಣನಿಗೆ ಆ ಕಾರನ್ನ ಡ್ರ್ಯಾಗ್ ಸ್ಟ್ರಿಪ್ ಮೇಲೆ ಓಡಿಸೋ ಆಸೆ. ದೊಡ್ಡ ಕಾರ್ಬ್ಯುರೇಟರ್, ಬೇರೆ ಕ್ಯಾಮ್, ಹೆಚ್ಚಿನ ಕಂಪ್ರೆಷನ್. ಜೊತೆಗೆ ಬೋರನ್ನ 84 ರಿಂದ 85.5 ಕ್ಕೆ ಏರಿಸಿ, ಅದಕ್ಕೆ ಹೇಳಿ ಮಾಡಿಸಿದ ಫೋರ್ಜ್ಡ್ ಪಿಸ್ಟನ್ ಹಾಕಬೇಕು ಅಂತ ಅವರ ಲೆಕ್ಕ.

"ಹಳೇ ಕಬ್ಬಿಣದ ಬ್ಲಾಕಲ್ಲಿ ಏನು ಪರ್ಫಾರ್ಮೆನ್ಸ್?" ಅಂತ ನಗಬೇಡಿ. 1983 ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ 1 ಚಾಂಪಿಯನ್ ಆಗಿದ್ದು ಬಿಎಂಡಬ್ಲ್ಯು ಟರ್ಬೊ ಎಂಜಿನ್ ಇದ್ದ ಬ್ರಭಮ್ ಕಾರಲ್ಲಿ. ಆ ಎಂಜಿನ್ನಿನ ಬುಡ 1960ರ ದಶಕದಿಂದ ಮಾಮೂಲಿ ಬಿಎಂಡಬ್ಲ್ಯು ಕಾರುಗಳಲ್ಲಿ ಬರ್ತಿದ್ದ ಎಂ10 ಎಂಜಿನ್ನಿನ ಕಬ್ಬಿಣದ ಬ್ಲಾಕ್. ಟರ್ಬೊ ಎಂಜಿನ್ನಿಗೆ ಸಿಕ್ಕ ಮೊದಲ ಚಾಲಕರ ಚಾಂಪಿಯನ್‌ಶಿಪ್ ಅದೇ. ಕಬ್ಬಿಣ ಹಳೇದು ಅನ್ನೋದು ತೊಂದರೆ ಅಲ್ಲ. ಅದು ಎಲ್ಲೆಲ್ಲಿ ಎಷ್ಟೆಷ್ಟು ದಪ್ಪ ಇದೆ ಅಂತ ಗೊತ್ತಿಲ್ಲದೆ ಕೊರೆಯೋದು ತೊಂದರೆ.

ಸಿಲಿಂಡರ್ ಗೋಡೆಯ ಒಂದು ಕಡೆ ಪಿಸ್ಟನ್, ಇನ್ನೊಂದು ಕಡೆ ಕೂಲಂಟ್. ಎಂಜಿನ್ 6000 ಆರ್‌ಪಿಎಂ ತಿರುಗುವಾಗ ಒಂದೊಂದು ಸಿಲಿಂಡರಲ್ಲೂ ಸೆಕೆಂಡಿಗೆ 50 ಸಲ ಬೆಂಕಿ. ಪ್ರತಿ ಸಲ ಗೋಡೆ ಚೂರು ಉಬ್ಬುತ್ತೆ, ವಾಪಸ್ ಬರುತ್ತೆ. ತೆಳುವಾಗಿದ್ರೆ ಹೆಚ್ಚು ಉಬ್ಬುತ್ತೆ. ಆಗ ತೂತು ದುಂಡಗೆ ಉಳಿಯಲ್ಲ, ರಿಂಗ್ ಸರಿಯಾಗಿ ಕೂರಲ್ಲ, ಗ್ಯಾಸ್ ಕೆಳಗಿಳಿಯುತ್ತೆ, ಆಯಿಲ್ ಮೇಲೆ ಬರುತ್ತೆ. ಇನ್ನೂ ತೆಳುವಾದ್ರೆ ಒಂದು ದಿನ ಬಿರುಕು, ಕೂಲಂಟ್ ಸಿಲಿಂಡರಿನೊಳಗೆ. ಅಲ್ಲಿಗೆ ಮುಗೀತು.

3/9

"ಕಂಪನಿ ಬ್ಲಾಕ್ ತಾನೆ, ಗೋಡೆ ಎಲ್ಲಾ ಕಡೆ ಒಂದೇ ಸಮ ಇರಲ್ವಾ?" ನಾನೂ ಹಾಗೇ ಅಂದ್ಕೊಂಡಿದ್ದೆ.

ಒಬ್ಬಟ್ಟು ಮಾಡೋದು ನೋಡಿದೀರಲ್ಲ. ಕಣಕದ ಮಧ್ಯೆ ಹೂರಣ ಇಟ್ಟು ಮುಚ್ತಾರೆ. ಹೂರಣ ಸರಿಯಾಗಿ ನಡುವೆ ಕೂತಿದ್ರೆ ಸುತ್ತಲೂ ಕಣಕ ಸಮ. ಒಂದು ಬದಿಗೆ ಸರಿದಿದ್ರೆ ಆ ಕಡೆ ತೆಳು, ಈ ಕಡೆ ದಪ್ಪ. ಹೊರಗಿಂದ ಉಂಡೆ ದುಂಡಗೇ ಕಾಣುತ್ತೆ. ಲಟ್ಟಿಸಿದಾಗ ತೆಳು ಕಡೆ ಹರಿದು ಹೂರಣ ಹೊರಗೆ.

ಬ್ಲಾಕ್ ಎರಕ ಹೊಯ್ಯುವಾಗಲೂ ಇದೇ. ನೀರು ಓಡಾಡೋ ಜಾಗಕ್ಕೆ ಅಚ್ಚಿನೊಳಗೆ ಮರಳಿನ ಕೋರ್ ಇಟ್ಟಿರ್ತಾರೆ. ಕರಗಿದ ಕಬ್ಬಿಣ ನುಗ್ಗಿದಾಗ ಕೋರ್ ಒಂದು ಮಿ.ಮೀ. ಆಚೀಚೆ ಸರಿದ್ರೂ ಸಾಕು. ಆಮೇಲೆ ಬೋರ್ ಕೊರೆಯೋ ಮೆಷಿನ್ನು ಡ್ರಾಯಿಂಗಲ್ಲಿರೋ ಕರೆಕ್ಟ್ ಜಾಗಕ್ಕೇ ಕೊರೆಯುತ್ತೆ. ಬೋರ್ ನೆಟ್ಟಗಿರುತ್ತೆ, ಅದರ ಹಿಂದಿನ ನೀರಿನ ಜಾಗ ಸರಿದಿರುತ್ತೆ. ಫಲ: ಒಂದು ಕಡೆ ಗೋಡೆ ತೆಳು, ಎದುರು ಕಡೆ ದಪ್ಪ. ಇದಕ್ಕೆ ಕೋರ್ ಶಿಫ್ಟ್ ಅಂತಾರೆ. ಸ್ಟ್ಯಾಂಡರ್ಡ್ ಎಂಜಿನ್ನಿಗೆ ಅಷ್ಟು ಕಬ್ಬಿಣ ಸಾಕಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ. ಬೋರ್ ದೊಡ್ಡದು ಮಾಡಿ ಪವರ್ ಏರಿಸೋಕೆ ಹೊರಟಾಗ ಮಾತ್ರ ಬಣ್ಣ ಬಯಲಾಗುತ್ತೆ.

ಗೋಡೆಯ ಎಲ್ಲಾ ಕಡೆಗೂ ಒಂದೇ ಕಷ್ಟ ಇರಲ್ಲ ಅನ್ನೋದೂ ನೆನಪಿರಲಿ. ಪವರ್ ಸ್ಟ್ರೋಕಲ್ಲಿ ಕನೆಕ್ಟಿಂಗ್ ರಾಡ್ ಓರೆಯಾಗಿರುತ್ತೆ, ಹಾಗಾಗಿ ಅದು ಪಿಸ್ಟನ್ನನ್ನ ಒಂದು ಗೋಡೆಗೆ ಒತ್ತುತ್ತೆ. ಎಂಜಿನ್ನಿನ ಮುಂದೆ ನಿಂತು ನೋಡಿದಾಗ ಕ್ರ್ಯಾಂಕ್ ಗಡಿಯಾರದ ದಿಕ್ಕಲ್ಲಿ ತಿರುಗ್ತಿದ್ರೆ, ಒತ್ತಡ ಬೀಳೋದು ನಿಮ್ಮ ಎಡಗಡೆ ಗೋಡೆಗೆ. ಅದೇ ಥ್ರಸ್ಟ್ ಸೈಡ್. ತೆಳು ಭಾಗ ಅಲ್ಲೇ ಬಂದ್ರೆ ಎಚ್ಚರ.

ಇನ್ನೊಂದು, ವೈವಾದಲ್ಲಿ ಕೇಳೋದು: 1.5 ಮಿ.ಮೀ. ಓವರ್‌ಸೈಜ್ ಅಂದ್ರೆ ಗೋಡೆಯಿಂದ 1.5 ಹೋಗಲ್ಲ. ಅದು ವ್ಯಾಸದ ಲೆಕ್ಕ. ಒಂದೊಂದು ಬದಿಗೆ 0.75 ಹೋಗುತ್ತೆ.

4/9

ಈಗ ಗೇಜ್. ದಯವಿಟ್ಟು ಈ ಭಾಗ ನಿಧಾನಕ್ಕೆ ಓದಿ, ನಾನು ಎಡವಿದ್ದು ಇಲ್ಲೇ.

ಗೋಡೆ ಹಿಂದೆ ನೀರಿನ ಜಾಗ, ಅಲ್ಲಿಗೆ ವರ್ನಿಯರ್ ಹೋಗಲ್ಲ. ಹಾಗಾಗಿ ಶಬ್ದ ಕಳಿಸ್ತೀವಿ. ಪ್ರೋಬ್ ತುದಿಗೆ ಜೆಲ್ ಹಚ್ಚಿ ಬೋರಿನ ಗೋಡೆಗೆ ಒತ್ತಿದ್ರೆ, ಕಿವಿಗೆ ಕೇಳದ ಶಬ್ದ ಕಬ್ಬಿಣದೊಳಗೆ ಹೋಗಿ, ಹಿಂದಿನ ಮೇಲ್ಮೈಗೆ ಬಡಿದು ವಾಪಸ್ ಬರುತ್ತೆ. ಬಾವಿಗೆ ಕಲ್ಲು ಹಾಕಿ ದುಡುಂ ಅನ್ನೋವರೆಗೆ ಎಣಿಸ್ತೀವಲ್ಲ, ಹಾಗೆ. ಗೇಜ್ ಹೋಗಿಬರೋ ಸಮಯ ನೋಡುತ್ತೆ, ವೇಗದಿಂದ ಗುಣಿಸುತ್ತೆ, ಎರಡರಿಂದ ಭಾಗಿಸುತ್ತೆ. ಪರದೆ ಮೇಲೆ ಮಿ.ಮೀ. ತೋರಿಸುತ್ತೆ.

4 ಮಿ.ಮೀ. ಎರಕದ ಕಬ್ಬಿಣ ಅಂದ್ರೆ ಹೋಗಿಬರೋಕೆ 8 ಮಿ.ಮೀ. ದಾರಿ. ಶಬ್ದಕ್ಕೆ ಬೇಕಾಗೋದು ಸುಮಾರು 1.7 ಮೈಕ್ರೋಸೆಕೆಂಡ್. ಗೇಜ್ ನಿಜಕ್ಕೂ ಅಳೆಯೋದು ಅಷ್ಟನ್ನೇ. ವೇಗ ಎಷ್ಟು ಅಂತ ಹೇಳಬೇಕಾದವರು ನಾವು.

ಹಿಡಿಯೋ ಕ್ರಮ ಹೀಗಿತ್ತು. ಮೊದಲು ಬ್ಲಾಕನ್ನ ಬಿಸಿ ಕಾಸ್ಟಿಕ್ ತೊಟ್ಟಿಗೆ ಹಾಕಿ ನೀರಿನ ದಾರಿಯ ತುಕ್ಕೆಲ್ಲ ತೆಗೆದ್ವಿ. ಹಿಂದೆ ತುಕ್ಕಿನ ಪದರ ಇದ್ರೆ ಪ್ರತಿಧ್ವನಿ ಚೆದುರಿ ರೀಡಿಂಗ್ ಕುಣಿಯುತ್ತೆ. ಆಮೇಲೆ ಚಾಕಲ್ಲಿ ಗುರುತು: ಒಂದೊಂದು ಸಿಲಿಂಡರಿಗೆ ಮೇಲೆ, ನಡುವೆ, ಕೆಳಗೆ ಮೂರು ಎತ್ತರ, ಪ್ರತಿ ಎತ್ತರದಲ್ಲಿ ಎಂಟು ದಿಕ್ಕು. ನಾಲ್ಕು ಸಿಲಿಂಡರಿಗೆ 96 ಜಾಗ. ತೀರಾ ಮೇಲಿನ ಅಂಚಲ್ಲಿ ಇಡಬಾರದು, ಅಲ್ಲಿ ಡೆಕ್ಕಿನ ದಪ್ಪ ಕಬ್ಬಿಣ ಸೇರ್ಕೊಳ್ಳುತ್ತೆ. ಬೋರ್ ಬಾಗಿದ ಮೇಲ್ಮೈ ಆದ್ರಿಂದ ಸಣ್ಣ ಪ್ರೋಬ್ ಬೇಕು. ಅದನ್ನ ಚೂರು ಆಚೀಚೆ ಓಲಾಡಿಸಿ, ಸ್ಥಿರವಾಗಿ ಬರೋ ಅತಿ ಕಮ್ಮಿ ಸಂಖ್ಯೆ ಬರ್ಕೋಬೇಕು.

ಎರಡು ಸಿಲಿಂಡರ್ ನಡುವಿನ ಜಾಗದಲ್ಲಿ ಇನ್ನೂ ಹುಷಾರು. ಶೆವ್ರೊಲೆಯ ಹಳೇ 400 ಸ್ಮಾಲ್ ಬ್ಲಾಕ್ ಥರದ ವಿ8 ಗಳಲ್ಲಿ ಅಕ್ಕಪಕ್ಕದ ಗೋಡೆ ಅಂಟಿಕೊಂಡೇ ಇರುತ್ತೆ, ನಡುವೆ ನೀರೇ ಇಲ್ಲ. ಬೋರ್ 4.125 ಇಂಚು, ಸೆಂಟರಿಂದ ಸೆಂಟರಿಗೆ 4.4 ಇಂಚು. ಎರಡು ಬೋರಿನ ನಡುವೆ ಉಳಿಯೋದು ಸುಮಾರು 7 ಮಿ.ಮೀ. ಕಬ್ಬಿಣ. ಅಲ್ಲಿ ಗೇಜ್ 7 ತೋರಿಸಿದ್ರೆ ಅದು ಒಂದು ಗೋಡೆಯದಲ್ಲ, ಎರಡಕ್ಕೂ ಸೇರಿದ್ದು.

5/9

ಶುಕ್ರವಾರ. ಲ್ಯಾಬಿನ ಸರ್ ಹತ್ರ ಸೈನ್ ಮಾಡಿ ಗೇಜ್ ತಂದಿದ್ದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ 96 ಜಾಗ ಹಿಡಿದೆ. ಊಟಕ್ಕೂ ಏಳಲಿಲ್ಲ. ಹುಡುಗರು ಬಂದು ಬಂದು ನೋಡಿ ಹೋಗ್ತಿದ್ರು. ಅಲ್ಲಿವರೆಗೆ "ಅಮ್ಮಾ ಸ್ವಲ್ಪ ಸೈಡಿಗೆ" ಅಂತಿದ್ದವರು ಅವತ್ತು "ಇದೆಷ್ಟು ಬಂತು?" ಅಂತ ಕೇಳೋರು.

ಶುರು ಮಾಡೋ ಮುಂಚೆ ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದ್ರು. "ದಪ್ಪ ಗೊತ್ತಿರೋ ಯಾವುದಾದ್ರೂ ಪೀಸ್ ಮೇಲೆ ಇಟ್ಟು ನೋಡಿದ್ಯಾ?"

"ಹೂಂ ಮೇಸ್ತ್ರಿ" ಅಂದೆ. ಸುಳ್ಳಲ್ಲ. ಗೇಜಿನ ಮೈಮೇಲೇ ಒಂದು ಸಣ್ಣ ಉಕ್ಕಿನ ಬಿಲ್ಲೆ ಇದೆ, ದಪ್ಪ 4 ಮಿ.ಮೀ. ಪ್ರೋಬನ್ನ ಅದರ ಮೇಲಿಟ್ಟು ಝೀರೋ ಮಾಡಿದ್ದೆ. ಕರೆಕ್ಟಾಗಿ 4.00 ತೋರಿಸ್ತು. ಮೇಸ್ತ್ರಿಗೂ ತೋರಿಸಿದೆ. ಅವರು ತಲೆ ಆಡಿಸಿದ್ರು.

ಫಲಿತಾಂಶ: ಮೂರನೇ ಸಿಲಿಂಡರ್ ಥ್ರಸ್ಟ್ ಸೈಡ್ ನಡುವೆ 5.2, ಅದರ ಎದುರು 7.4. ಉಳಿದ ಸಿಲಿಂಡರಲ್ಲಿ ಥ್ರಸ್ಟ್ ಕಡೆ 5.8 ರಿಂದ 6.3. ಕೋರ್ ಸರಿದಿದ್ದು ಕಣ್ಣಿಗೆ ಕಾಣ್ತಿತ್ತು. ಆದ್ರೆ ಕೊರೆಯೋಕೆ ಜಾಗ ಇದೆ ಅನ್ನಿಸ್ತು.

ಮೇಸ್ತ್ರಿಗೆ ತಮ್ಮದೇ ಒಂದು ಲೆಕ್ಕ ಇದೆ. ಇದು ಪುಸ್ತಕದ್ದಲ್ಲ, ನಲವತ್ತು ವರ್ಷ ಒಡೆದ ಬ್ಲಾಕ್ ನೋಡಿ ಹುಟ್ಟಿದ್ದು. ಈ ಥರದ ಕಬ್ಬಿಣದ ಬ್ಲಾಕ್, ಟರ್ಬೊ ಇಲ್ಲ ಅಂದ್ರೆ, ಕೊರೆದ ಮೇಲೆ ಥ್ರಸ್ಟ್ ಕಡೆ 3.5 ಕ್ಕಿಂತ ಕಮ್ಮಿ ಇರಬಾರದು. ಟರ್ಬೊ ಹಾಕೋರಿಗೆ 5 ಇರಬೇಕು. ಬೇರೆ ಅಂಗಡಿಯವರ ಲೆಕ್ಕ ಬೇರೆ ಇರಬಹುದು.

5.2 ರಲ್ಲಿ 0.75 ಕಳೆದ್ರೆ 4.45. 3.5 ಕ್ಕಿಂತ ಆರಾಮಾಗಿ ಮೇಲೆ. ಶೀಟಲ್ಲಿ "85.5 ಓಕೆ" ಅಂತ ಬರೆದು ಸೈನ್ ಹಾಕಿದೆ. ಕೆಳಗೆ ಮೇಸ್ತ್ರಿ ಸೈನ್. ಶೀಟಿನ ಫೋಟೋ ಅಣ್ಣನಿಗೆ ಹೋಯ್ತು. ಅದಕ್ಕೇ ಕಾಯ್ತಿದ್ದ ಅಣ್ಣ ಶನಿವಾರ ಬೆಳಗ್ಗೆ ಪಿಸ್ಟನ್ನಿಗೆ 20,000 ರೂಪಾಯಿ ಅಡ್ವಾನ್ಸ್ ಕಳಿಸಿದ್ರು.

ನಾನು ನಗ್ತಿರೋ ಫೋಟೋ ನಿಮಗೆ ಬಂತು.

6/9

ಭಾನುವಾರ ರಾತ್ರಿ ಪಿಜಿಯಲ್ಲಿ ಮಲಗಿ ಅದೇ ಫೋಟೋ ನೋಡ್ತಿದ್ದೆ. ಇಷ್ಟೊಂದು ಹಾರ್ಟ್ ಬಂದ ಪೋಸ್ಟನ್ನ ಯಾರು ತಾನೆ ಹತ್ತು ಸಲ ನೋಡಲ್ಲ? ಮುಖ ಹೇಗೆ ಬಂದಿದೆ ಅಂತ ಝೂಮ್ ಮಾಡಿದೆ. ಆಮೇಲೆ ಗೇಜ್ ಕಡೆ ಸರಿಸಿದೆ. 5.2 ರ ಕೆಳಗೆ ಮೂಲೆಯಲ್ಲಿ ಸಣ್ಣ ಅಂಕಿ: 5920.

ಫೋಟೋದಲ್ಲಿ ನೀವೂ ಈಗ ಝೂಮ್ ಮಾಡಿ ನೋಡಿ. ಇದೆ.

ಅದು ವೇಗ. ಸೆಕೆಂಡಿಗೆ 5920 ಮೀಟರ್. ಉಕ್ಕಿನಲ್ಲಿ ಶಬ್ದ ಓಡೋ ವೇಗ. ನಮ್ಮ ಲ್ಯಾಬಲ್ಲಿ ಎಲ್ಲಾ ಬ್ಯಾಚೂ ಅಳೆಯೋದು ಉಕ್ಕಿನ ಪ್ಲೇಟ್, ಹಾಗಾಗಿ ಗೇಜ್ ಯಾವಾಗಲೂ ಅದೇ ಸೆಟ್ಟಿಂಗಲ್ಲಿ ಇರುತ್ತೆ. ನಾನು ಹಿಡಿದಿದ್ದು ಉಕ್ಕಲ್ಲ, ಬೂದು ಎರಕದ ಕಬ್ಬಿಣ. ಅದರೊಳಗೆ ಗ್ರಾಫೈಟ್ ತೆಳು ಚಕ್ಕೆಗಳ ಥರ ಹರಡಿರುತ್ತೆ, ಶಬ್ದ ನಿಧಾನಕ್ಕೆ ಹೋಗುತ್ತೆ. ಎಷ್ಟು ನಿಧಾನ ಅನ್ನೋದು ಎರಕದಿಂದ ಎರಕಕ್ಕೆ ಬೇರೆ. ಸಾಮಾನ್ಯವಾಗಿ 4600 ರ ಆಸುಪಾಸು.

ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಮೂರು ಗಂಟೆ ಕೂತಿದ್ರಿ. ಬಸ್ಸು ಗಂಟೆಗೆ 50 ರಲ್ಲಿ ಹೋಯ್ತು ಅಂದ್ಕೊಂಡ್ರೆ ದೂರ 150 ಕಿ.ಮೀ. ನಿಜಕ್ಕೂ 40 ರಲ್ಲಿ ಹೋಗಿದ್ರೆ 120. ಗಡಿಯಾರದ್ದು ಏನೂ ತಪ್ಪಿಲ್ಲ. ವೇಗ ನೀವು ಅಂದ್ಕೊಂಡಿದ್ದು.

ಹಾಗಿದ್ರೆ ಬಿಲ್ಲೆ ಮೇಲೆ 4.00 ಯಾಕೆ ಸರಿ ಬಂತು? ಬಿಲ್ಲೆ ಉಕ್ಕಿನದು! ಉಕ್ಕಿನ ವೇಗ ಇಟ್ಟು ಉಕ್ಕನ್ನ ಅಳೆದ್ರೆ ಸರಿ ಬರದೆ ಇನ್ನೇನು? ಆ ಬಿಲ್ಲೆ ಇರೋದು ಪ್ರೋಬಿನ ಝೀರೋ ಸರಿ ಮಾಡೋಕೆ. ನನ್ನ ಎದುರಿಗಿರೋ ಲೋಹ ಯಾವುದು ಅಂತ ಅದಕ್ಕೇನು ಗೊತ್ತು? ನಾನು ಝೀರೋ ಮಾಡಿದ್ದನ್ನೇ ಕ್ಯಾಲಿಬ್ರೇಷನ್ ಅಂದ್ಕೊಂಡಿದ್ದೆ.

ಮೊಬೈಲ್ ಕ್ಯಾಲ್ಕುಲೇಟರ್ ತೆಗೆದೆ. 5.2 ಇಂಟು 4600 ಭಾಗಿಸು 5920. ಬಂದಿದ್ದು 4.04. ಅದರಲ್ಲಿ 0.75 ಕಳೆದೆ. 3.29.

ಮೇಸ್ತ್ರಿ ಲೆಕ್ಕದಲ್ಲಿ ಆ ಬ್ಲಾಕನ್ನ 85.5 ಕ್ಕೆ ಕೊರೆಯೋ ಹಾಗೇ ಇಲ್ಲ. ಕೊರೆಯೋಕೆ ದಿನ ಗೊತ್ತಾಗಿದ್ದು ಮಂಗಳವಾರ. ಎದ್ದು ಕೂತು ಫೋಟೋ ಡಿಲೀಟ್ ಮಾಡಿದೆ.

7/9

ಆ ರಾತ್ರಿ ತಲೆಯಲ್ಲಿ ಓಡಿದ್ದನ್ನ ಮುಚ್ಚಿಡದೆ ಹೇಳ್ತೀನಿ. ನೀವೂ ಆ ಜಾಗದಲ್ಲಿದ್ರೆ ಓಡಬಹುದು.

ಒಂದು: ಯಾರಿಗೂ ಗೊತ್ತಾಗಲ್ಲ. ಮೇಸ್ತ್ರಿ ಸ್ಕ್ರೀನ್ ಮೂಲೆ ನೋಡಿಲ್ಲ. ಗೇಜ್ ಸೋಮವಾರ ಲ್ಯಾಬಿಗೆ ವಾಪಸ್.

ಎರಡು: ಬ್ಲಾಕ್ ಉಳಿದ್ರೂ ಉಳೀಬಹುದು. 3.29 ಅಂದ ತಕ್ಷಣ ಒಡೆದೇ ಹೋಗುತ್ತೆ ಅಂತ ಏನಿಲ್ಲ.

ಮೂರು: ಆರು ತಿಂಗಳಾದ ಮೇಲೆ ಒಡೆದ್ರೆ ಟ್ಯೂನಿಂಗ್ ಸರಿ ಇರಲಿಲ್ಲ, ಓವರ್‌ಹೀಟ್ ಆಯ್ತು ಅಂತಾರೆ. ನನ್ನ ಇಂಟರ್ನ್‌ಶಿಪ್ ಅಷ್ಟರಲ್ಲಿ ಮುಗಿದಿರುತ್ತೆ.

ನಾಲ್ಕನೇದು ಹೇಳೋಕೆ ಕಷ್ಟ. ಹೇಳಿದ್ರೆ "ಹುಡುಗೀರ ಕೈಗೆ ಕೊಟ್ರೆ ಹಿಂಗೇ" ಅಂತ ಒಂದು ಮಾತು ಬಂದೇ ಬರುತ್ತೆ ಅನ್ನಿಸ್ತು. ನನ್ನಿಂದ ಮುಂದೆ ಬರೋ ಹುಡುಗಿಗೆ ಮತ್ತೆ ಡೀಸೆಲ್ ಬ್ರಷ್ಷೇ ಗತಿ.

ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದ್ರೆ ಅಣ್ಣ ಕಾರಿನ ಡ್ಯಾಶ್‌ಬೋರ್ಡ್ ಒರೆಸ್ತಿದ್ದದ್ದೇ ಕಾಣೋದು. ಬ್ಲಾಕ್ ಇಳಿಸೋಕೆ ಬಂದ ದಿನ ಅವರು ತಮ್ಮ ಕರ್ಚೀಫಿಂದ ಅದನ್ನ ಒರೆಸ್ತಿದ್ರು. ಎಂಜಿನ್ ಬಿಚ್ಚಿ ಹಾಕಿರೋ ಕಾರದು, ಧೂಳು ಕೂತ್ರೆ ಏನಾಗ್ಬೇಕಿತ್ತು? ಆದ್ರೂ ಒರೆಸ್ತಿದ್ರು.

ಸೋಮವಾರ ಅಂಗಡಿ ಬಾಗಿಲು ತೆಗೆಯೋ ಮುಂಚೆ ಹೋಗಿ ನಿಂತೆ. ಮೇಸ್ತ್ರಿ ಟೀ ಹಿಡ್ಕೊಂಡು ಬಂದ್ರು.

"ಮೇಸ್ತ್ರಿ, ಶುಕ್ರವಾರದ ಲೆಕ್ಕ ತಪ್ಪು."

"ಯಾವ್ದು?"

"ಎಲ್ಲಾ."

ಅವರು ನನ್ನ ಮುಖ ನೋಡಿದ್ರು. "ಬೋರ್ ಹೊಡೆದಿದೀವಾ?"

"ಇಲ್ಲ."

"ಹಂಗಾದ್ರೆ ಕೂತ್ಕೊ. ಟೀ ಕುಡಿ. ಆಮೇಲೆ ಹೇಳು."

ಎಲ್ಲಾ ಹೇಳಿದೆ. 5920, ಬಿಲ್ಲೆ, 3.29. ಬೈಯಲಿಲ್ಲ. ಸಮಾಧಾನಾನೂ ಮಾಡಲಿಲ್ಲ. "ಅಣ್ಣಂಗೆ ಫೋನ್ ಮಾಡು" ಅಂದ್ರು.

"ನಾನೇನಾ ಮೇಸ್ತ್ರಿ?"

"ಶೀಟ್ ಮೇಲೆ ಮೊದಲನೇ ಸೈನ್ ಯಾರ್ದು?"

ಫೋನ್ ಮಾಡಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಡ್ವಾನ್ಸ್ ಕಳಿಸ್ಬಿಟ್ಟಿದೀನಲ್ಲಮ್ಮಾ" ಅಂದ್ರು. ಅಷ್ಟೆ. ಬೈದಿದ್ರೆ ಚೆನ್ನಾಗಿರ್ತಿತ್ತು.

8/9

ಅವತ್ತು ಕಲಿತಿದ್ದೇ ನಿಜವಾದ ಪಾಠ. ಹಂತ ಹಂತವಾಗಿ ಬರೀತೀನಿ, ಇದನ್ನ ಸೇವ್ ಮಾಡ್ಕೊಳ್ಳಿ.

ಮೇಸ್ತ್ರಿ ಸ್ಕ್ರಾಪ್ ರಾಶಿಯಿಂದ ಇದೇ ಇಸುಜುವಿನ ಒಂದು ಒಡೆದ ಬ್ಲಾಕ್ ಎಳೆಸಿದ್ರು. ಗ್ರೈಂಡರಿನಿಂದ ಸಿಲಿಂಡರ್ ಗೋಡೆಯ ಅಂಗೈಯಗಲ ತುಂಡು ಕತ್ತರಿಸಿದ್ವಿ. ಹಿಂಬದಿಯ ಒರಟನ್ನ ಒಂದು ಜಾಗದಲ್ಲಿ ನಯ ಮಾಡಿ ಮೈಕ್ರೋಮೀಟರ್ ಹಿಡಿದ್ವಿ: 6.00. ಅದೇ ಜಾಗಕ್ಕೆ ಗೇಜ್ ಇಟ್ವಿ, 5920 ರ ಸೆಟ್ಟಿಂಗಲ್ಲೇ: 7.72.

ಹುಡುಗರೆಲ್ಲ ಸುತ್ತ ನಿಂತಿದ್ರು. ಒಬ್ಬ "ಅಯ್ಯೋ" ಅಂದ. 6 ಇರೋದನ್ನ ಸುಮಾರು 7.7 ಅಂತ ತೋರಿಸ್ತಿದೆ. ಕಬ್ಬಿಣ ಇಲ್ಲದ ಕಡೆ ಕಬ್ಬಿಣ.

5920 ನ್ನ 6.00 ರಿಂದ ಗುಣಿಸಿ 7.72 ರಿಂದ ಭಾಗಿಸಿದ್ರೆ ಸುಮಾರು 4600. ಗೇಜಲ್ಲಿ ವೇಗ ಬದಲಿಸಿದೆ. ತುಂಡಿನ ಮೇಲೆ ಈಗ 6.00 ಬಂತು. ಒಂದೇ ತುಂಡನ್ನ ನಂಬಬಾರದು ಅಂತ ಮೇಸ್ತ್ರಿ ಇನ್ನೊಂದು ದಾರಿನೂ ಹಿಡಿದ್ರು. ನಮ್ಮ ಬ್ಲಾಕಿನ ಡೆಕ್ಕಲ್ಲಿರೋ ನೀರಿನ ತೂತಿಂದ ಕ್ಯಾಲಿಪರಿನ ಒಂದು ಕಾಲು ಒಳಗೆ, ಇನ್ನೊಂದು ಬೋರಲ್ಲಿ. ಕಷ್ಟಪಟ್ಟು ಒಂದೇ ಜಾಗ ಸಿಕ್ತು. ಗೇಜಿಗೆ ಹತ್ತಿರತ್ತಿರ ಹೊಂದಿತು. "ಗೇಜ್ ಇಲ್ಲದ ಕಾಲದಲ್ಲಿ ಹಿಂಗೇ ನೋಡ್ತಿದ್ವಿ" ಅಂದ್ರು.

ಮತ್ತೆ 96 ಜಾಗ. ಈ ಸಲ ಹತ್ತು ಜಾಗಕ್ಕೊಮ್ಮೆ ತುಂಡಿನ ಮೇಲೆ ವಾಪಸ್ ಇಟ್ಟು ನೋಡಿದೆ. ಮೂರನೇ ಸಿಲಿಂಡರ್ ಥ್ರಸ್ಟ್ ಕಡೆ 4.0, ಎದುರು 5.7. ಉಳಿದವು ಥ್ರಸ್ಟ್ ಕಡೆ 4.5 ರಿಂದ 4.9.

ದಾರಿಗಳು ಏನಿದ್ವು? ಮೂರನೇ ಸಿಲಿಂಡರಿಗೆ ಸ್ಲೀವ್ ಹಾಕೋದು. ಇಲ್ಲಾ ಬೋರಿನ ಸೆಂಟರನ್ನ ದಪ್ಪ ಕಡೆಗೆ ಚೂರು ಸರಿಸಿ ಕೊರೆಯೋದು, ಆದ್ರೆ ಕ್ರ್ಯಾಂಕ್ ಮತ್ತು ಹೆಡ್ ಇರೋ ಜಾಗದಲ್ಲೇ ಇರ್ತವಲ್ಲ, ಜಾಸ್ತಿ ಸರಿಸೋ ಹಾಗಿಲ್ಲ. ನೀರಿನ ದಾರಿಯ ಕೆಳಭಾಗಕ್ಕೆ ಗಟ್ಟಿಯಾಗೋ ಫಿಲ್ಲರ್ ತುಂಬೋದು, ಇದು ಡ್ರ್ಯಾಗ್ ಗಾಡಿಗೆ ಮಾತ್ರ. ಅಣ್ಣನಿಗೆ ಇದೇ ಕಾರಲ್ಲಿ ಅಮ್ಮನನ್ನ ದೇವಸ್ಥಾನಕ್ಕೂ ಕರ್ಕೊಂಡು ಹೋಗ್ಬೇಕು. ಕೊನೇದು, ಕಮ್ಮಿ ಕೊರೆಯೋದು. 84.5 ಅಂದ್ರೆ ಗೋಡೆಯಿಂದ ಹೋಗೋದು 0.25 ಮಾತ್ರ. ಉಳಿಯೋದು 3.75 ರ ಮೇಲೆ.

85.5 ಆಗಿದ್ರೆ 1883 ಸಿಸಿ. 84.5 ಕ್ಕೆ 1839. ವ್ಯತ್ಯಾಸ 44 ಸಿಸಿ, ನಾಲ್ಕು ಸಿಲಿಂಡರೂ ಸೇರಿ. ಇಷ್ಟಕ್ಕೆ ಆ ಬ್ಲಾಕನ್ನ ಪಣಕ್ಕಿಡೋಕೆ ಹೊರಟಿದ್ವಿ. 84.5 ಅಂತ ತೀರ್ಮಾನ ಆಯ್ತು.

9/9

ದುಡ್ಡಿನ ಕಥೆ ಏನಾಯ್ತು ಅಂತ ಕೇಳ್ತೀರ.

ಪಿಸ್ಟನ್ ಮಾಡೋರು ಇನ್ನೂ ಕೆಲಸ ಶುರು ಮಾಡಿರಲಿಲ್ಲ. ಸೈಜ್ ಬದಲಿಸೋಕೆ ಒಪ್ಪಿದ್ರು, 4,000 ರೂಪಾಯಿ ಹಿಡ್ಕೊಂಡ್ರು. ಒಂದು ದಿನ ತಡ ಆಗಿದ್ರೆ ಪೂರ್ತಿ ಹೋಗ್ತಿತ್ತೇನೋ. ನನ್ನ ಸ್ಟೈಪೆಂಡಿಂದ ಕೊಡ್ತೀನಿ ಅಂದೆ. ಮೇಸ್ತ್ರಿ ಎರಡು ಸಾವಿರ ತಗೊಂಡು, ತಮ್ಮ ಗಲ್ಲಾದಿಂದ ಎರಡು ಸಾವಿರ ಸೇರಿಸಿದ್ರು. "ನೀವ್ಯಾಕೆ?" ಅಂದ್ರೆ, "ಎರಡನೇ ಸೈನ್ ನಂದು. ಬಿಲ್ಲೆ ತೋರಿಸ್ದೆ, ನಾನೂ ತಲೆ ಆಡಿಸ್ದೆ" ಅಂದ್ರು. ಅಣ್ಣ ಬೇಡ ಅನ್ನಲಿಲ್ಲ, ತಗೊಂಡ್ರು. ಅದೇ ಸರಿ. ಟರ್ಬೊ ಹಾಕೋ ಆಸೆ ಅವರಿಗೆ ಮುಂದೆ ಇತ್ತಂತೆ. ಈ ಬ್ಲಾಕಲ್ಲಿ ಅದು ಆಗಲ್ಲ ಅಂತ ಈಗ ಗೊತ್ತಾಯ್ತು. ಅದನ್ನ ಹೇಳಿದಾಗ ಅವರ ಮುಖ ಸಪ್ಪಗಾಗಿದ್ದು ನನ್ನ ತಪ್ಪಿಂದಲ್ಲ, ಕಬ್ಬಿಣದಿಂದ. ಆದ್ರೂ ನೋಡೋಕೆ ಕಷ್ಟವೇ ಆಯ್ತು.

"ಹುಡುಗೀರ ಕೈಗೆ ಕೊಟ್ರೆ" ಅನ್ನೋ ಮಾತು ಒಬ್ಬನ ಬಾಯಿಂದ ಬಂತು. ಮೇಸ್ತ್ರಿ ಅವನಿಗೆ, "ನೀನು ಹೋದ ವರ್ಷ ಕೊರೆದಾದ್ಮೇಲೆ ಬಂದು ಹೇಳಿದ್ಯಲ್ಲ, ಅದಕ್ಕೇನಂತೀಯ?" ಅಂದ್ರು. ಅವನು ಸುಮ್ಮನಾದ.

ಈಗ ನಿಮಗೆ ನನ್ನ ಕೋರಿಕೆ. ಲ್ಯಾಬಲ್ಲಿ ಗೇಜ್ ಹಿಡಿಯೋ ಮುಂಚೆ ಪರದೆಯ ಮೂಲೆ ನೋಡಿ. ಆ ವೇಗ ಯಾವ ಲೋಹದ್ದು, ನಿಮ್ಮ ಎದುರಿಗಿರೋದು ಯಾವ ಲೋಹ, ಎರಡನ್ನೂ ಬರ್ಕೊಳ್ಳಿ. ಅದೇ ಲೋಹದ, ಮೈಕ್ರೋಮೀಟರಲ್ಲಿ ಅಳೆದ ತುಂಡು ಜೊತೆಗಿರಲಿ. ಪುಸ್ತಕದಲ್ಲಿ 4600 ಅಂತ ಇದೆ ಅಂತ ಅದನ್ನೇ ಹಾಕಬೇಡಿ. ಎರಕ ಬದಲಾದ್ರೆ ಅದೂ ಬದಲಾಗುತ್ತೆ. ರೀಡಿಂಗ್ ನಿಮಗೆ ಬೇಕಾದ ಹಾಗೇ ಬಂದ ದಿನ ಇನ್ನೊಂದು ಸಲ ನೋಡಿ. ಅವತ್ತು 5.2 ರ ಬದಲು 2.5 ಬಂದಿದ್ರೆ ನಾನು ಖಂಡಿತ ಗೇಜನ್ನ ಅನುಮಾನಿಸ್ತಿದ್ದೆ. 5.2 ಖುಷಿ ಕೊಟ್ಟಿತು, ಅನುಮಾನ ಬರಲಿಲ್ಲ.

ಆಮೇಲೂ ತಪ್ಪಾದ್ರೆ ಕೊರೆಯೋ ಮುಂಚೆ ಹೇಳಿ. ಕೊರೆದ ಕಬ್ಬಿಣ ವಾಪಸ್ ಅಂಟಿಸೋಕಾಗಲ್ಲ.

ಕತ್ತರಿಸಿದ ತುಂಡು ನನ್ನ ಹತ್ರಾನೇ ಇದೆ. ಪೇಂಟಲ್ಲಿ "6.00, ಇಸುಜು, ಎರಕ" ಅಂತ ಬರೆದಿದೀನಿ. ಸೋಮವಾರ ಲ್ಯಾಬಿನ ಸರ್‌ಗೆ ಕೊಡ್ತೀನಿ, ಗೇಜಿನ ಡಬ್ಬಿಯಲ್ಲೇ ಇಡೋಕೆ ಒಪ್ಪಿದಾರೆ. ಎಂಜಿನ್ ಹೋದ ವಾರ ಸ್ಟಾರ್ಟ್ ಆಯ್ತು. ಅಣ್ಣ ವಿಡಿಯೋ ಕಳಿಸಿದ್ರು, ಕೊನೇ ಸ್ಲೈಡಲ್ಲಿ ಹಾಕಿದೀನಿ. ಸೌಂಡ್ ಆನ್ ಮಾಡಿ ಕೇಳಿ.

#ಬೋರಿಂಗ್‌ಅಂಗಡಿ #ಇಂಟರ್ನ್‌ಶಿಪ್‌ಡೈರಿ #ಮೆಕ್ಯಾನಿಕಲ್‌ಹುಡುಗಿ #ಕಾಂಟೆಸ್ಸಾ